ಕೊಟ್ಟಿಗೆಯಲ್ಲಿ ಮಿಲ್ಲಿಂಗ್ ಮೆಷಿನ್ ನಿಂತ ವರ್ಷ

ಮೊನ್ನೆ ಸೋಮನಹಳ್ಳಿಯಲ್ಲಿ ಪರಿಚಯದವರೊಬ್ಬರ ಮದುವೆಗೆ ಹೋಗಿದ್ದೆ. ಹೆದ್ದಾರಿ ಪಕ್ಕದ ಹೊಸ ಛತ್ರ. ಒಳಗೆ ಕಾಲಿಟ್ಟಾಗ ಮೇಲಿನ ಕಬ್ಬಿಣದ ತೊಲೆಗಳನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು, ಅಷ್ಟೆ. ತೊಲೆಗಳಿಗೆ ಬಂಗಾರದ ಬಣ್ಣ ಬಳಿದು ಗುಲಾಬಿ ಬಟ್ಟೆ ಇಳಿಬಿಟ್ಟಿದ್ದರು. ಊಟ ಮುಗಿಸಿ ಕೈ ತೊಳೆಯಲು ಹಿಂದುಗಡೆ ಹೋದೆ. ಅಲ್ಲಿ ಮಾತ್ರ ಟೈಲ್ಸ್ ಹಾಕಿರಲಿಲ್ಲ, ಹಳೆಯ ಸಿಮೆಂಟ್ ನೆಲವೇ ಉಳಿದಿತ್ತು. ಊಟ ಮಾಡಿದವರೆಲ್ಲರ ಕೈನೀರು ಬಿದ್ದು ನೆನೆದ ಆ ನೆಲದಿಂದ, ಸಾರು ಪಾಯಸದ ವಾಸನೆಯ ನಡುವೆ, ಕಬ್ಬಿಣ ಕೊಯ್ಯುವಾಗ ಸುರಿಯುವ ಕಟಿಂಗ್ ಆಯಿಲ್ ವಾಸನೆ ಎದ್ದು ಬಂತು. ಬಗ್ಗಿ ನೋಡಿದರೆ ನೆಲದ ಮಟ್ಟಕ್ಕೆ ಕೊಯ್ದು ಬಿಟ್ಟಿದ್ದ ನಾಲ್ಕು ಬೋಲ್ಟುಗಳು. ನಾನು ನಿಂತೇ ಬಿಟ್ಟೆ. ಹಿಂದಿನವರು, “ಆಯ್ತೇನಣ್ಣೋ, ವಸಿ ಸರ್ಕೊಳಿ” ಅಂದ ಮೇಲೆ ಎಚ್ಚರವಾಯಿತು.

ಈಗ ಛತ್ರವಾಗಿರುವ ಅದು, ನಾನು ಐ.ಟಿ.ಐ. ಮುಗಿಸಿದ ವರ್ಷವೇ ಸೇರಿ, ಮುಚ್ಚುವ ತನಕ ದುಡಿದ ವರ್ಕ್‌ಶಾಪು. ಆ ನಾಲ್ಕು ಬೋಲ್ಟುಗಳ ಮೇಲೆ ನಿಂತಿದ್ದದ್ದು ನನ್ನ ಮಿಲ್ಲಿಂಗ್ ಮೆಷಿನ್. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಉಳಿ ಅದನ್ನು ಹೆರೆಯುತ್ತದೆ. ಮಿಲ್ಲಿಂಗಿನಲ್ಲಿ ತಿರುಗುವುದು ಹಲ್ಲಿನ ಕಟರ್. ಕಬ್ಬಿಣವನ್ನು ಬಿಗಿದ ಟೇಬಲ್ಲು ಅದರ ಕೆಳಗೆ ಮೆಲ್ಲಗೆ ಸರಿಯುತ್ತದೆ. ಹ್ಯಾಂಡಲ್ ತಿರುಗಿಸುತ್ತ, ಕಟರಿನ ಸದ್ದು ಕೇಳುತ್ತ ನನ್ನ ಯೌವನವೆಲ್ಲ ಅದರ ಮುಂದೆ ಕಳೆದಿತ್ತು. ಯಜಮಾನರಿಗೆ ವಯಸ್ಸಾಗಿ ಶಾಪು ಮುಚ್ಚಿದಾಗ ಹೊಸ ಮೆಷಿನ್‌ಗಳನ್ನು ಬೆಂಗಳೂರಿನವರು ಕೊಂಡೊಯ್ದರು. ಇದನ್ನು ಯಾರೂ ಕೇಳಲಿಲ್ಲ. ಮದ್ದೂರಿನ ಗುಜರಿಯವರೊಬ್ಬರು ತೂಕದ ಮೇಲೆ ಎತ್ತಿಕೊಂಡು ಹೋದರು. ನಾನು ಬೇರೊಂದು ಕಾರ್ಖಾನೆ ಸೇರಿದೆ. ಅಲ್ಲಿ ಗಾಜಿನ ಬಾಗಿಲು ಮುಚ್ಚಿ ಗುಂಡಿ ಒತ್ತುವುದು, ಕೆಂಪು ದೀಪ ಬಂದರೆ ಮೇಲಿನವರನ್ನು ಕರೆಯುವುದು, ಇಷ್ಟೇ ಕೆಲಸ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ತೀರಿಕೊಂಡಳು. ಕಾಯಿಲೆ ಅಂತ ಏನೂ ಇರಲಿಲ್ಲ. ಎರಡು ದಿನ ಜ್ವರ, ಆಮೇಲೆ ಇಲ್ಲ. ಅಪ್ಪ ನಾನು ಚಿಕ್ಕವನಿದ್ದಾಗಲೇ ಹೋಗಿದ್ದರು. ಒಬ್ಬಳೇ ಅಕ್ಕ ಸುಶೀಲ, ಮದುವೆಯಾಗಿ ಮಳವಳ್ಳಿಯಲ್ಲಿ ಇದ್ದಳು. ನನಗೆ ನಲವತ್ತು ಹತ್ತಿರ ಬಂದಿತ್ತು, ಮದುವೆ ಆಗಿರಲಿಲ್ಲ. ನಮ್ಮ ಕಡೆ ಇದು ದೊಡ್ಡ ಸುದ್ದಿಯೇನಲ್ಲ. ಹೆಣ್ಣು ಕೇಳಲು ಹೋದಲ್ಲೆಲ್ಲ ಹಳ್ಳಿಮನೆ ಬೇಡ ಅನ್ನುತ್ತಿದ್ದರು. ನಮ್ಮ ಬೀದಿಯೊಂದರಲ್ಲೇ ನನ್ನಂಥವರು ಹಲವರಿದ್ದೆವು. ಅವ್ವ ಇರುವ ತನಕ ಅದು ನನಗೆ ಅಷ್ಟಾಗಿ ತಟ್ಟಿರಲಿಲ್ಲ. ಅವಳು ಹೋದ ಮೇಲೆ ಹಸುವನ್ನೂ ಮಾರಿದೆ. ಶಿಫ್ಟ್ ಕೆಲಸದವನಿಗೆ ಹೊತ್ತಿಗೆ ಸರಿಯಾಗಿ ಹಾಲು ಕರೆಯಲು ಆಗುತ್ತದೆಯೇ? ಹಸು ಹೋದ ದಿನ ಕೊಟ್ಟಿಗೆ ಗುಡಿಸಿ ತೊಳೆದೆ. ಮಾರನೆಯ ದಿನ ಗುಡಿಸಲು ಏನೂ ಇರಲಿಲ್ಲ. ಕಾರ್ಖಾನೆಯಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ಚಾಪೆ ಹೇಗೆ ಬಿಟ್ಟು ಹೋಗಿದ್ದೆನೋ ಹಾಗೇ ಇರುತ್ತಿತ್ತು. ಒಂದು ಲೋಟ ಕೂಡ ತನ್ನ ಜಾಗ ಬಿಟ್ಟು ಕದಲಿರುತ್ತಿರಲಿಲ್ಲ.

ದಿನಾ ಬಸ್ಸಿನಲ್ಲಿ ಮದ್ದೂರು ದಾಟುವಾಗ ಗುಜರಿ ಅಂಗಡಿ ಕಾಣುತ್ತಿತ್ತು. ಹಳೆಯ ಸೈಕಲ್ಲು, ಪಂಪು, ಬಾಗಿದ ಕಂಬಿಗಳ ನಡುವೆ ನನ್ನ ಮೆಷಿನ್ ಮಳೆಯಲ್ಲಿ ನೆನೆಯುತ್ತ, ಬಿಸಿಲಲ್ಲಿ ಒಣಗುತ್ತ ನಿಂತಿತ್ತು. ಮೊದಲು ಕಂದು, ಆಮೇಲೆ ಕೆಂಪು. ನಾನು ಒಮ್ಮೊಮ್ಮೆ ನೋಡುತ್ತಿದ್ದೆ, ಒಮ್ಮೊಮ್ಮೆ ಇನ್ನೊಂದು ಕಿಟಕಿ ಕಡೆ ಕೂರುತ್ತಿದ್ದೆ. ಕಬ್ಬಿನ ಗದ್ದೆಗಳು ಹೂ ಬಿಟ್ಟ ಕಾಲದಲ್ಲಿ, ಒಂದು ಬೆಳಿಗ್ಗೆ, ಅದರ ಪಕ್ಕ ಕಬ್ಬಿಣ ತುಂಡರಿಸುವ ಗ್ಯಾಸ್ ಕಟರಿನ ಸಿಲಿಂಡರ್ ನಿಲ್ಲಿಸಿದ್ದು ಕಂಡಿತು. ಒಬ್ಬ ಕಪ್ಪು ಕನ್ನಡಕ ಹಾಕಿಕೊಳ್ಳುತ್ತಿದ್ದ. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲೇ ಎದ್ದು ಕಂಡಕ್ಟರನಿಗೆ ನಿಲ್ಲಿಸಿ ಅಂದೆ.

ಗುಜರಿಯ ಬಾಷಾ ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅರೆ, ಇದ್ನ ತಗೊಂಡು ಏನ್ ಮಾಡ್ತೀಯಪ್ಪಾ? ಎಲ್ಲಾ ಜಾಮ್ ಆಗೈತೆ. ಹ್ಯಾಂಡಲ್ ಕೂಡ ತಿರ್ಗಲ್ಲ.”

“ಇರ್ಲಿ ಸಾಬ್ರೆ.”

“ಇಡಕ್ಕೆ ಜಾಗ ಐತಾ?”

“ಕೊಟ್ಟಿಗೆ ಖಾಲಿ ಅದೆ.”

ಅವರು ಕಟರಿನವನಿಗೆ ನಿಲ್ಲಿಸು ಅಂತ ಕೈ ಸನ್ನೆ ಮಾಡಿದರು. ಹಸು ಮಾರಿದ ದುಡ್ಡು ಅಲ್ಲಿಗೆ ಸರಿಹೋಯಿತು. ಆವತ್ತು ಡ್ಯೂಟಿಗೆ ಹೋಗಲಿಲ್ಲ.

ಟ್ರ್ಯಾಕ್ಟರಿನಲ್ಲಿ ಮೆಷಿನ್ ಊರಿಗೆ ಬಂದಾಗ ಬೀದಿಯೆಲ್ಲ ಸೇರಿತು. ಕೆಳಗೆ ಪೈಪು ಹಾಕಿ ಉರುಳಿಸುತ್ತ ಕೊಟ್ಟಿಗೆಯೊಳಗೆ ಸೇರಿಸುವಷ್ಟರಲ್ಲಿ ಸಂಜೆಯಾಯಿತು. ನೂಕಿದವರೆಲ್ಲ ಆಡಿಕೊಂಡು ನಕ್ಕರು. “ಲೇ, ಎಣ್ಣು ತತ್ತೀಯ ಅಂತ ಕಾಯ್ತಿದ್ರೆ ಕಬ್ಣ ತಂದಿದ್ದೀಯಲ್ಲಲಾ!” ನಾನೂ ನಕ್ಕೆ. ಮಾರನೆಯ ದಿನ ಪಕ್ಕದ ಮನೆಯ ಕೆಂಪಮ್ಮಜ್ಜಿ ಒಂದು ಮೊರ ರಾಗಿ ಹಿಡಿದು ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತಿತು. ಮಿಲ್ಲು ಬಂದಿದೆ ಅಂತ ಯಾರೋ ಹೇಳಿದ್ದರಂತೆ.

“ಇದು ಬೀಸೋ ಮಿಲ್ಲಲ್ಲ ಕಣಜ್ಜಿ. ಕಬ್ಣ ಕುಯ್ಯೋದು.”

“ಕಬ್ಣ ಕುಯ್ದು ಯಾರ್ಗ್ಲಾ ಉಣ್ಣಕ್ಕಿಕ್ಕೀಯೆ?” ಅಂತ ಅಜ್ಜಿ ಮೊರ ಎತ್ತಿಕೊಂಡು ಹೋಯಿತು. ಆದರೆ ಸಂಜೆ ಮತ್ತೆ ಬಂದು ಬಾಗಿಲ ಬಳಿಯ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡಿತು. ಆವತ್ತಿನಿಂದ ನಾನು ಕೆಲಸ ಮಾಡುವಾಗೆಲ್ಲ ಬಂದು ಕೂರುವುದು ರೂಢಿಯಾಯಿತು.

ಆ ಚಳಿಗಾಲವೆಲ್ಲ ತುಕ್ಕಿನ ಜೊತೆ ಕಳೆಯಿತು. ರಜೆಯ ದಿನ, ಶಿಫ್ಟ್ ಮುಗಿದ ಸಂಜೆ, ಡೀಸೆಲ್ ಡಬ್ಬ, ತಂತಿ ಬ್ರಷ್ಷು, ಅವ್ವನ ಹಳೆಯ ಸೀರೆಗಳನ್ನು ಹರಿದ ಬಟ್ಟೆ. ಸೀರೆ ಹರಿಯುವಾಗ ಮೊದಮೊದಲು ಕೈ ಬರಲಿಲ್ಲ. ಬೇರೆಯವರಿಗೆ ಕೊಡುವಂಥ ಸೀರೆಗಳನ್ನು ಅಕ್ಕ ಕೊಟ್ಟಾಗಿತ್ತು; ಉಳಿದವು ಅಂಚು ಸವೆದವು. ಮೆಷಿನ್ನಿನ ಮೇಲಿನ ಬೂದು ಬಣ್ಣ ಹೆರೆದರೆ ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಯಾರೋ ನನಗಿಂತ ಮೊದಲಿದ್ದವನು ಮೊಳೆಯಲ್ಲಿ ಗೀಚಿದ ಒಂದು ಲೆಕ್ಕ. ಟೇಬಲ್ಲನ್ನು ಸರಿಸುವ ಉದ್ದನೆಯ ಸ್ಕ್ರೂ ಕಲ್ಲಾಗಿತ್ತು. ಅದಕ್ಕೆ ಡೀಸೆಲ್ ಕುಡಿಸಿ ಬಟ್ಟೆ ಸುತ್ತಿಟ್ಟು, ದಿನಾ ಕೆಲಸದಿಂದ ಬಂದ ತಕ್ಷಣ ಹ್ಯಾಂಡಲ್ ಹಿಡಿದು ನೋಡುತ್ತಿದ್ದೆ. ಕಾಯಿಲೆಯವರ ಹಣೆ ಮುಟ್ಟಿ ನೋಡುವ ಹಾಗೆ. ಒಂದು ಸಂಜೆ ಅದು ಕೂದಲೆಳೆಯಷ್ಟು ಅಲುಗಿತು. ಯಾರಿಗಾದರೂ ಹೇಳಬೇಕು ಅನ್ನಿಸಿ ಅತ್ತಿತ್ತ ನೋಡಿದೆ. ಅಜ್ಜಿ ಆವತ್ತು ಬಂದಿರಲಿಲ್ಲ. ಹೊರಗೆ ಬಂದರೆ ತಲೆಯ ಮೇಲೆ ಕೊಕ್ಕರೆ ಬೆಳ್ಳೂರಿನ ಕಡೆಗೆ ಹಕ್ಕಿಗಳು ಕಡ್ಡಿ ಕಚ್ಚಿಕೊಂಡು ಹೋಗುತ್ತಿದ್ದವು. ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ಬೇಸಗೆಯ ಬಿಸಿಲು ಏರುವ ಹೊತ್ತಿಗೆ ಮೆಷಿನ್ ಬಿಡಿಬಿಡಿಯಾಗಿ ಕೊಟ್ಟಿಗೆ ತುಂಬ ಹರಡಿತ್ತು. ಮಳೆಯಿಂದ ಗುಳಿಬಿದ್ದಿದ್ದ, ಒಂದರ ಮೇಲೊಂದು ಜಾರುವ ಮೈಗಳನ್ನು ಕೈ ಉಳಿಯಿಂದ ಹೆರೆದು ಸಮ ಮಾಡಬೇಕಿತ್ತು. ಸಮನಾದ ಪಟ್ಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಅದನ್ನು ಆ ಮೈಯ ಮೇಲೆ ಉಜ್ಜಿದರೆ ಉಬ್ಬಿರುವ ಕಡೆ ನೀಲಿ ಕೂರುತ್ತದೆ. ಅಷ್ಟನ್ನೇ ಹೆರೆಯಬೇಕು, ಮತ್ತೆ ಸವರಬೇಕು. ಈ ಕೆಲಸ ನಾನು ಕಲಿತಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಕೆಡಿಸಿ, ಮತ್ತೆ ಮಾಡಿ ಕಲಿತೆ. ಆ ನೀಲಿ ಮಾತ್ರ ಎಷ್ಟು ತಿಕ್ಕಿದರೂ ಬೆರಳು ಬಿಟ್ಟು ಹೋಗುತ್ತಿರಲಿಲ್ಲ.

ನನ್ನ ಬೆರಳುಗಳು ಹಾಗೆ ನೀಲಿಯಾಗಿದ್ದ ಕಾಲದಲ್ಲೇ ಅಕ್ಕ ಒಂದು ಸಂಬಂಧ ತಂದಳು. ಅವ್ವ ಹೋದ ಮೇಲೆ ನನಗೊಂದು ಮದುವೆಯಾಗಲಿ ಅಂತ ಮುತ್ತತ್ತಿರಾಯನಿಗೆ ಹರಕೆ ಹೊತ್ತಿದ್ದಳಂತೆ. ಹುಡುಗಿಯ ಹೆಸರು ಮಂಜುಳ. ಮೊದಲ ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಅಣ್ಣನ ಮನೆಯಲ್ಲಿದ್ದು ಮದ್ದೂರು ಹತ್ತಿರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಣ್ಣ, ಅತ್ತಿಗೆ, ಅವಳು ಒಂದು ಭಾನುವಾರ ಮನೆ ನೋಡಲು ಬಂದರು. ಅಕ್ಕ ಮುಂಜಾನೆಯೇ ಬಂದು ಮನೆಯೆಲ್ಲ ಸಾರಿಸಿ, “ಕೊಟ್ಗೆ ಬಾಗ್ಲು ಆಕ್ಬುಡು, ಆ ದರಿದ್ರ ಅವರ ಕಣ್ಗೆ ಬೀಳ್ಕೂಡ್ದು” ಅಂದಳು. ಹಾಕಿದೆ.

ಅವಳ ಅಣ್ಣ ನನ್ನ ಸಂಬಳ, ಗದ್ದೆ, ಬೋರ್‌ವೆಲ್ ಎಲ್ಲ ವಿಚಾರಿಸಿದ. ನಾನು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದೆ. ಕಾಫಿ ಲೋಟ ತೆಗೆದುಕೊಳ್ಳುವಾಗ ಹೊರಗೆ ತೆಗೆಯಲೇ ಬೇಕಾಯಿತು.

“ಕೈಗೇನಾಗಿದೆ?” ಅಂತ ಮಂಜುಳ ಕೇಳಿದಳು. ಅಲ್ಲಿಯ ತನಕ ಅವಳು ಮಾತೇ ಆಡಿರಲಿಲ್ಲ.

“ಬಣ್ಣ. ಒಂದು ಮೆಷಿನ್ ರಿಪೇರಿ ಮಾಡ್ತಾ ಇದೀನಿ.”

“ಎಲ್ಲಿ?”

ಅಕ್ಕ ನನ್ನ ಕಡೆ ಕಣ್ಣು ಬಿಟ್ಟಳು. ಮಂಜುಳ ಆಗಲೇ ಎದ್ದಿದ್ದಳು. ಕೊಟ್ಟಿಗೆ ಬಾಗಿಲು ತೆಗೆದೆ. ಅವಳು ಸೀರೆಯ ಸೆರಗು ಒತ್ತಿ ಹಿಡಿದುಕೊಂಡು ಡೀಸೆಲ್ ಡಬ್ಬಗಳ ನಡುವೆ ಹಾದು ಬಂದಳು. ಒಂದು ಭಾಗ ಮಾತ್ರ ಜೋಡಿಸಿ ಮುಗಿಸಿದ್ದೆ. ಅದರ ಹ್ಯಾಂಡಲನ್ನು ತೋರುಬೆರಳಿನಿಂದ ತಳ್ಳಿದಳು. ಸದ್ದಿಲ್ಲದೆ ತಿರುಗಿತು.

“ನಮ್ಮ ಮಿಷನ್ನುಗಳು ಹಿಂಗೆ ತಿರುಗಲ್ಲ. ಇಡೀ ದಿನ ಕಿರುಚ್ತವೆ” ಅಂದಳು. “ಎಷ್ಟು ದಿನದಿಂದ ಮಾಡ್ತಿದೀರಿ?”

“ಅವ್ವ ಹೋದಾಗ್ನಿಂದ” ಅಂದೆ. ಹಾಗೆ ಹೇಳಬೇಕೆಂದು ಯೋಚಿಸಿರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನು ಬಂತು. ಅಕ್ಕನ ಹತ್ತಿರ ನಂಬರ್ ಇಸಿದುಕೊಂಡಿದ್ದಳು. ಆಮೇಲೆ ಹೆಚ್ಚುಕಡಿಮೆ ದಿನಾ ಬಂತು. ಅವಳ ಊಟದ ಬಿಡುವಿಗೆ ಸರಿಯಾಗಿ ನಾನೂ ಬುತ್ತಿ ಹಿಡಿದು ಕಾರ್ಖಾನೆ ಹಿಂದಿನ ಬೇವಿನ ಮರದಡಿ ಕೂರುತ್ತಿದ್ದೆ. ದೊಡ್ಡ ಮಾತೇನೂ ಇಲ್ಲ. ಇವತ್ತು ಏನು ಸಾರು, ಸೂಪರ್‌ವೈಸರ್ ಯಾರಿಗೆ ಬೈದ, ಗೇರಿನ ಹಲ್ಲು ಮುರಿದದ್ದು ಏನಾಯಿತು. ಅವಳು ಕೇಳುತ್ತಾಳೆ ಅಂತಲೇ ನಾನು ಗೇರಿನ ಕೆಲಸ ಮುಗಿಸುತ್ತಿದ್ದೆ. ಸಂಜೆ ಕೊಟ್ಟಿಗೆಯಲ್ಲಿ ಕೆಲಸ ಮಾಡುವಾಗ ನಾಳೆ ಇದನ್ನು ಹೇಗೆ ಹೇಳಲಿ ಅಂತ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಕೆಂಪಮ್ಮಜ್ಜಿ, “ಒಬ್ಬೊಬ್ನೇ ನಗಾಡ್ತೀಯಲ್ಲಲಾ” ಅಂದದ್ದೂ ಉಂಟು. ಮನೆಯಲ್ಲಿ ಇನ್ನೊಂದು ಚಾಪೆ, ಒಂದು ಕನ್ನಡಿ ಬೇಕಾಗುತ್ತದೆ ಅಂತ ಅಂದುಕೊಂಡೆ. ಕನ್ನಡಿ ತಂದೂ ಬಿಟ್ಟೆ.

ಮೊದಲ ಬೇಸಗೆ ಮಳೆ ಬಿದ್ದ ಮಾರನೆಯ ದಿನ ಅವಳ ದನಿ ಬೇರೆಯಾಗಿತ್ತು.

“ನಿಮ್ಮ ಹತ್ರ ಒಂದು ಮಾತು. ಬೇಜಾರು ಮಾಡ್ಕೋಬೇಡಿ” ಅಂದಳು. “ನಂಗೆ ಮದ್ವೆ ಬೇಡ. ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಯಾರೂ ಬೇಡ. ಮೊದಲ್ನೇ ಸಲ ಯಾರೂ ನನ್ನ ಕೇಳ್ಲಿಲ್ಲ, ಹೇಳಿದ ಕಡೆ ಕೂತೆ. ಈಗ ಮದ್ದೂರಲ್ಲಿ ಒಂದು ರೂಮು ಮಾಡ್ಕೊಂಡು ನನ್ನ ಪಾಡಿಗೆ ಇರೋಣ ಅಂತ.”

ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಇಟ್ಟೆ.

“ನಾನೇ ಬೇಡ ಅಂದ್ರೆ ಅಣ್ಣ ಮುಖ ಕೊಟ್ಟು ಮಾತಾಡಲ್ಲ. ಅತ್ತಿಗೆ ಮನೇಲಿ ನಿಲ್ಲಕ್ಕೆ ಬಿಡಲ್ಲ. ರೂಮು ಸಿಗೋ ತನಕ ನಾನು ಅಲ್ಲೇ ಇರ್ಬೇಕಲ್ಲ. ನೀವೇ ಬೇಡ ಅಂದ್ಬಿಡ್ತೀರಾ?”

ಬೇವಿನ ಹೂವು ಬುತ್ತಿಯೊಳಗೆ ಉದುರಿತ್ತು. ಅದನ್ನು ಒಂದೊಂದಾಗಿ ತೆಗೆದೆ. “ಆಯ್ತು” ಅಂದೆ.

“ನಿಮ್ಮಕ್ಕ ಬೈತಾರೆ.”

“ಬೈಲಿ.”

ಅಕ್ಕ ಬರೀ ಬೈಯಲಿಲ್ಲ. ಮಳವಳ್ಳಿಯಿಂದ ಬಸ್ಸು ಹತ್ತಿ ಬಂದು, ಹೊಸಿಲು ದಾಟುವ ಮೊದಲೇ ಶುರು ಮಾಡಿದಳು. “ಏನ್ಲಾ ಕಮ್ಮಿ ಆಗಿತ್ತು ಆ ಎಣ್ಗೆ? ಮಕ ಚೆನ್ನಾಗಿರ್ನಿಲ್ವಾ? ನಡ್ತೆ ಚೆನ್ನಾಗಿರ್ನಿಲ್ವಾ?”

“ನಂಗೆ ಒಪ್ಗೆ ಆಗ್ನಿಲ್ಲ.”

“ಒಪ್ಗೆ ಅಂತೆ! ನಲವತ್ತು ತುಂಬ್ತಾ ಅದೆ ನಿಂಗೆ, ನೀನೇನು ದೊಡ್ಡ ರಾಜಕುಮಾರ್ನೇನ್ಲಾ! ಅವ್ವ ಸಾಯೋವಾಗ ನನ್ನ ಕೈ ಇಡ್ಕಂಡು ಏನಂದ್ಲು ಗೊತ್ತಾ? ಸಿವೂನ ಒಂಟಿ ಬುಡ್ಬ್ಯಾಡ ಅಂದ್ಲು. ಮುತ್ತತ್ತಿಗೆ ಓಗಿ ಮುಡಿ ಕೊಡ್ತೀನಿ ಅಂತ ಏಳಿ ಬಂದಿದೀನಿ ಕಣ್ಲಾ ನಿಂಗೋಸ್ಕರ.”

ಹೇಳಿಬಿಡಲು ಒಂದು ಮಾತು ಸಾಕಿತ್ತು. ಆದರೆ ಅಕ್ಕನ ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಮಂಜುಳಳ ಅತ್ತಿಗೆಯ ಕಿವಿಗೆ ಹೋಗುತ್ತಿತ್ತು. ತಲೆ ಬಗ್ಗಿಸಿ ನಿಂತೆ. ಅಕ್ಕ ಕಣ್ಣೊರೆಸಿಕೊಂಡು, “ಆ ಕಬ್ಣನೇ ಕಟ್ಕೊ ಓಗು. ಇನ್ಮೇಕೆ ನನ್ನ ಕೇಳ್ಬ್ಯಾಡ” ಅಂದು, ನೀರು ಕೂಡ ಕುಡಿಯದೆ ಅದೇ ಬಸ್ಸಿಗೆ ವಾಪಸ್ಸು ಹೋದಳು. ಹೆಣ್ಣು ಸಿಗದ ಊರಿನಲ್ಲಿ ಸಿಕ್ಕ ಹೆಣ್ಣನ್ನು ಬೇಡ ಅಂದವನೆಂದು ಬೀದಿಯವರೂ ನನ್ನನ್ನು ವಿಚಿತ್ರವಾಗಿ ನೋಡತೊಡಗಿದರು. ಮಧ್ಯಾಹ್ನದ ಫೋನು ನಿಂತಿತು. ಒಂದು ದಿನ ಮೆಸೇಜು ಬಂತು: ‘ರೂಮು ಸಿಕ್ತು. ನಿಮ್ಮ ಉಪಕಾರ.’ ಬೇವಿನ ಮರದಡಿ ಕೂರುವುದನ್ನು ಬಿಟ್ಟು ಕ್ಯಾಂಟೀನಿನಲ್ಲೇ ಉಣ್ಣತೊಡಗಿದೆ.

ಮೆಷಿನ್ ಜೋಡಿಸುವುದು ಉಳಿದಿತ್ತು. ಟೇಬಲ್ಲು ಒಬ್ಬ ಎತ್ತುವಂಥದ್ದಲ್ಲ. ಚೈನ್ ಬ್ಲಾಕ್ ಅನ್ನುವ ಸರಪಳಿ ರಾಟೆಯಲ್ಲಿ ನೇತುಹಾಕಿ ಒಬ್ಬರು ಸರಪಳಿ ಬಿಡುತ್ತ, ಇನ್ನೊಬ್ಬರು ಹಿಡಿದು ಕೂರಿಸಬೇಕು. ಭಾವ ಬಂದು ಕೈ ಹಾಕುತ್ತೇನೆ ಅಂದಿದ್ದರು. ಈಗ ಅವರನ್ನು ಹೇಗೆ ಕರೆಯಲಿ? ಬೀದಿಯವರನ್ನು ಕೇಳಲು ಮನಸ್ಸಾಗಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಒಬ್ಬನೇ ಶುರು ಮಾಡಿದೆ. ಒಮ್ಮೆ ಸರಪಳಿ ಸ್ವಲ್ಪ ಬಿಡುವುದು, ಸುತ್ತಿ ಬಂದು ಟೇಬಲ್ಲು ಸರಿಮಾಡುವುದು, ಮತ್ತೆ ಹೋಗಿ ಬಿಡುವುದು. ಇನ್ನೇನು ಕೂತಿತು ಅನ್ನುವಾಗ ಕಟ್ಟಿದ್ದ ಬೆಲ್ಟು ಜಾರಿತು. ಟೇಬಲ್ಲಿನ ಒಂದು ತುದಿ ಕೆಳಗೆ ಬಿದ್ದು ನನ್ನ ಎಡಗೈ ಬೆರಳುಗಳು ಅದರಡಿ ಸಿಕ್ಕಿಕೊಂಡವು.

ನೋವು ಮೊದಲು ಗೊತ್ತಾಗಲಿಲ್ಲ. ಸರಪಳಿ ಆ ಕಡೆ ಅಲ್ಲಾಡುತ್ತಿತ್ತು, ನನ್ನ ಬಲಗೈಗೆ ಎಟುಕುತ್ತಿರಲಿಲ್ಲ. ಕೂಗಬೇಕು ಅಂದುಕೊಂಡೆ. ಯಾರ ಹೆಸರು ಕೂಗುವುದು ಅಂತ ಯೋಚಿಸುವಷ್ಟರಲ್ಲಿ ನನ್ನ ಬಾಯಿಂದ, “ಅವ್ವಾ” ಅಂತ ಬಂತು. ಒಂದು ಸಲವಲ್ಲ. ಅವಳು ಹಸುವಿನ ಹಾಲು ಕರೆಯುತ್ತ ಕೂತಿರುತ್ತಿದ್ದ ಆ ಮೂಲೆಯ ಕಡೆ ತಿರುಗಿ, ಅವಳು ಅಲ್ಲೇ ಇದ್ದು ಕೇಳಿಸದವಳ ಹಾಗೆ ಸುಮ್ಮನಿದ್ದಾಳೆ ಅನ್ನುವಂತೆ, ಸಿಟ್ಟಿನಿಂದ ಕೂಗಿದೆ. ಅವಳು ಹೋದ ದಿನ ಅತ್ತಿರಲಿಲ್ಲ, ತಿಥಿಯ ದಿನವೂ ಇಲ್ಲ. ಆವತ್ತು ಅತ್ತೆ.

ಬಂದದ್ದು ಕೆಂಪಮ್ಮಜ್ಜಿ. “ಅಯ್ಯೋ ನನ್ನಪ್ಪಾ, ಯಾರ್ನಾರ ಕರ್ಕಬತ್ತೀನಿ” ಅಂತ ತಿರುಗಿತು.

“ಓಗ್ಬ್ಯಾಡ ಅಜ್ಜಿ! ಆ ಸರ್‍ಪಣಿ ಇಡ್ಕೊ. ಎಳಿ.”

“ಇದು ನನ್ ಕೈಲಿ ಆಯ್ತದೇನ್ಲಾ?”

“ಆಯ್ತದೆ. ಈ ಕಡೇದು ಎಳಿ.”

ಅಜ್ಜಿ ಎರಡೂ ಕೈಯಲ್ಲಿ ಸರಪಳಿ ಹಿಡಿದು, ಬಾವಿಯಿಂದ ನೀರು ಸೇದುವ ಹಾಗೆ ಎಳೆಯಿತು. ಟೇಬಲ್ಲು ಅಲುಗಿ ಮೇಲೆದ್ದಿತು. ಕೈ ಬಿಡಿಸಿಕೊಂಡು ನೆಲಕ್ಕೆ ಕೂತೆ. ಅಜ್ಜಿ ಸರಪಳಿ ಬಿಡಲಿಲ್ಲ. “ಇನ್ನೂ ಎಳೀಲಾ, ಬುಡ್ಲಾ, ಏಳ್ಲಾ!” ಅಂತ ಕಣ್ಣು ಮುಚ್ಚಿಕೊಂಡು ಕೂಗುತ್ತಲೇ ಇತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಮುರಿದ ಎರಡು ಬೆರಳಿಗೆ ಸ್ಟೀಲಿನ ಕಡ್ಡಿ ಹಾಕಿದರು. ನಡುಬೆರಳು ಈಗಲೂ ಪೂರಾ ಮಡಚುವುದಿಲ್ಲ. ಮಾರನೆಯ ದಿನ ಕಣ್ಣು ಬಿಟ್ಟಾಗ ಮಂಚದ ಪಕ್ಕ ಅಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದಳು. ಅಜ್ಜಿ ಯಾರ ಕೈಲೋ ಫೋನು ಮಾಡಿಸಿತ್ತು. ಅಕ್ಕ ಒಂದೊಂದೇ ತೊಳೆ ನನ್ನ ಬಾಯಿಗಿಟ್ಟಳು. ಹಣ್ಣು ಮುಗಿದ ಮೇಲೆ, “ಅದೇನು ಕೂರ್ಸೋದು ಉಳ್ದದೆ ಅಂತಲ್ಲ, ನಿಮ್ ಭಾವ ಬತ್ತಾರೆ. ಒಬ್ನೇ ಮುಟ್ಬ್ಯಾಡ” ಅಂದಳು. ಮದುವೆಯ ಮಾತು ಅವಳು ಎತ್ತಲಿಲ್ಲ, ಆಮೇಲೂ ಎಂದೂ ಎತ್ತಲಿಲ್ಲ. ಹರಕೆ ಏನು ಮಾಡಿದಳೋ ನಾನು ಕೇಳಲಿಲ್ಲ.

ಭಾವ ಬಂದು ಟೇಬಲ್ಲು ಕೂರಿಸಿದರು. ಮನೆಗೆ ಬರುವ ಕರೆಂಟಿಗೆ ಹೊಂದುವ ಮೋಟಾರು ಹಾಕಿಸಿದೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ಕೊಟ್ಟಿಗೆಯ ಹೆಂಚಿನ ಮೇಲೆ ಜಿನುಗು ಹನಿಯುತ್ತಿದ್ದಾಗ, ಸ್ವಿಚ್ ಹಾಕಿದೆ. ಮೊದಲು ಬೆಲ್ಟು ಒದರಿತು, ಆಮೇಲೆ ಸದ್ದು ಸಮನಾಯಿತು. ಒಂದು ಕಬ್ಬಿಣದ ತುಂಡು ಬಿಗಿದು, ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ ಕಟರಿನ ಕೆಳಗೆ ತಂದೆ. ಚೂರುಗಳು ಬಿಸಿಯಾಗಿ ಉದುರಿದವು. ಹಿಂದೆ ಹೊಸ ಕನ್ನಡಿಯಂಥ ಮೈ ಕಂಡಿತು. ಅಜ್ಜಿ ಕಲ್ಲಿನ ಮೇಲೆ ಕೂತು, “ಓಡ್ತು ಬುಡ್ಲಾ” ಅಂದಿತು. ಓಡಿತು. ನಾನು ಅಂದುಕೊಂಡಿದ್ದಷ್ಟು ಸಂತೋಷ ಆಗಲಿಲ್ಲ. ಆದರೆ ಆಫ್ ಮಾಡಲು ಮನಸ್ಸು ಬರಲಿಲ್ಲ. ಕತ್ತರಿಸಲು ಏನೂ ಇಲ್ಲದಿದ್ದರೂ ಮಧ್ಯಾಹ್ನದ ತನಕ ಓಡಲು ಬಿಟ್ಟೆ.

ಆಲೆಮನೆಯವರು ಸವೆದ ಗೇರು ತರತೊಡಗಿದರು, ಟ್ರ್ಯಾಕ್ಟರಿನವರು ಮುರಿದದ್ದು ತಂದರು. ಕೆಲಸ ಮುಗಿಯುವ ತನಕ ಕೂತು ಮಾತಾಡಿ ಎದ್ದು ಹೋಗುತ್ತಾರೆ. ಕಾರ್ಖಾನೆ ಬಿಟ್ಟೆ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಂಜುಳ ಕಂಡಳು. ನಾನು ಬೇರಿಂಗ್ ತರಲು ಹೋಗಿದ್ದೆ. ಅವಳು ಕೆಲಸದಿಂದ ಬಂದು ಯಾವುದೋ ಬಸ್ಸಿಗೆ ಕಾಯುತ್ತಿದ್ದಳು. ಮೊದಲಿಗಿಂತ ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿ ಕಂಡಳು. ರೂಮು ಬದಲಾಯಿಸಿದೆ, ಈಗಿನದಕ್ಕೆ ಕಿಟಕಿ ಇದೆ ಅಂದಳು. ನನ್ನ ಬೆರಳು ನೋಡಿ ಏನಾಯಿತು ಅಂತ ಕೇಳಿದಳು. ಹೇಳಿದೆ. ಅಣ್ಣನ ಮನೆಯವರು ಇವತ್ತಿಗೂ ನನ್ನನ್ನು ಬೈಯುತ್ತಾರಂತೆ. ಅದನ್ನು ಹೇಳಿ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತ, “ಒಂದು ಕೇಳ್ಲಾ? ನಾನು ಹೇಳ್ದೆ ಇದ್ದಿದ್ರೆ, ನೀವಾಗೇ ಬೇಡ ಅಂತಿದ್ರಾ?” ಅಂದಳು.

“ಇಲ್ಲ” ಅಂದೆ.

ಅವಳು ತಲೆಯಾಡಿಸಿದಳು. ಏನೋ ಹೇಳಲು ಹೊರಟಂತೆ ಕಂಡಿತು, ಅಷ್ಟರಲ್ಲಿ ಬಸ್ಸು ಬಂದು ಜನ ನುಗ್ಗಿದರು. “ಬರ್ತೀನಿ” ಅಂದು ಹತ್ತಿದಳು. ಸೀಟು ಸಿಕ್ಕಿತೇನೋ, ಕಿಟಕಿಗಳಲ್ಲಿ ಹುಡುಕಿದೆ, ಕಾಣಲಿಲ್ಲ. ಅಂಗಡಿ ಮುಚ್ಚುವ ಹೊತ್ತಾಗಿತ್ತು. ಬೇರಿಂಗ್ ತೆಗೆದುಕೊಂಡು ಊರಿನ ಬಸ್ಸಿಗೆ ನಿಂತೆ.